ಹಳೆಯ ಟ್ರ್ಯಾಕ್ಟರಿನ ಎಳೆಯುವ ಶಕ್ತಿ ಕುಂದಿದಾಗ ದೋಷ ಗುರುತಿಸುವ ಕ್ರಮ

ಮುಂಗಾರಿನ ಹದ ಮಳೆ ಬಿದ್ದು ಉಳುಮೆ ಬಿರುಸಾದಾಗ ಹಳೆಯ ಟ್ರ್ಯಾಕ್ಟರುಗಳ ದೌರ್ಬಲ್ಯ ಹೊರಬೀಳುತ್ತದೆ. ಹಿಂದಿನ ವರ್ಷ ಸಲೀಸಾಗಿ ಎಳೆಯುತ್ತಿದ್ದ ಕಲ್ಟಿವೇಟರನ್ನು ಈ ವರ್ಷ ಒಂದು ಗೇರು ಕೆಳಗಿಳಿಸಿದರೂ ಎಂಜಿನ್ ತಿಣುಕುತ್ತದೆ. ಹೊಗೆ ಹೆಚ್ಚುತ್ತದೆ, ಡೀಸೆಲ್ ಹೆಚ್ಚು ಖರ್ಚಾಗುತ್ತದೆ, ಕೆಲಸ ಮಾತ್ರ ಸಾಗುವುದಿಲ್ಲ. ಇಂಥ ಸಮಯದಲ್ಲಿ "ಎಂಜಿನ್ ಸವೆದಿದೆ, ಬೋರ್ ಮಾಡಿಸಬೇಕು" ಎಂಬ ತೀರ್ಮಾನಕ್ಕೆ ಬೇಗನೆ ಬರುವುದುಂಟು. ಎಂಜಿನ್ ಬಿಚ್ಚಿದರೆ ಲೈನರ್, ಪಿಸ್ಟನ್, ರಿಂಗು, ಬೇರಿಂಗು ಎಂದು ಖರ್ಚು ಬೆಳೆಯುತ್ತದೆ. ಬಿತ್ತನೆಯ ಹದವೂ ಕೈತಪ್ಪುತ್ತದೆ.

ಎಂಜಿನ್ ನಿಜವಾಗಿಯೂ ಸವೆದಿದ್ದರೆ ಈ ಖರ್ಚು ಅನಿವಾರ್ಯ. ಆದರೆ ಕಟ್ಟಿಕೊಂಡ ಗಾಳಿ ಶೋಧಕ, ಮಡ್ಡಿ ತುಂಬಿದ ಡೀಸೆಲ್ ಫಿಲ್ಟರ್, ಸಡಿಲವಾದ ಲಿವರ್ ಸರಳು ಇವುಗಳಿಂದಲೂ ಇದೇ ರೀತಿ ಶಕ್ತಿ ಕುಂದುತ್ತದೆ. ಇವನ್ನು ಸರಿಪಡಿಸಲು ಹೆಚ್ಚು ಹಣ ಬೇಡ, ಅರ್ಧ ದಿನ ಸಾಕು. ಆದ್ದರಿಂದ ಪರೀಕ್ಷೆ ಹೊರಗಿನಿಂದ ಒಳಕ್ಕೆ, ಕಡಿಮೆ ಖರ್ಚಿನದರಿಂದ ಹೆಚ್ಚು ಖರ್ಚಿನದಕ್ಕೆ ಸಾಗಬೇಕು. ಎಂಜಿನ್ ಬಿಚ್ಚುವುದು ಕೊನೆಯ ಹೆಜ್ಜೆಯಾಗಬೇಕು.

ಇಲ್ಲಿ ಹೇಳಿರುವ ಕ್ರಮ ಯಾಂತ್ರಿಕ ಇಂಜೆಕ್ಷನ್ ಪಂಪು ಇರುವ, ಟರ್ಬೊ ಇಲ್ಲದ ಹಳೆಯ ಡೀಸೆಲ್ ಟ್ರ್ಯಾಕ್ಟರುಗಳಿಗೆ ಅನ್ವಯಿಸುತ್ತದೆ. ಹಳೆಯ ಡೀಸೆಲ್ ಜೀಪುಗಳಿಗೂ ಬಹುಮಟ್ಟಿಗೆ ಇದೇ ಕ್ರಮ ಸಲ್ಲುತ್ತದೆ. ವಿದ್ಯುನ್ಮಾನ ನಿಯಂತ್ರಣವಿರುವ ಹೊಸ ಎಂಜಿನ್ನುಗಳಿಗೆ ಕಂಪನಿಯ ಪರೀಕ್ಷಾ ಉಪಕರಣ ಬೇಕಾಗುತ್ತದೆ.

ಶಕ್ತಿ ಹುಟ್ಟಲು ಬೇಕಾದದ್ದೇನು?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಕ್ಕೆ ಬಂದ ಗಾಳಿಯನ್ನು ಪಿಸ್ಟನ್ ಸುಮಾರು 16ರಿಂದ 18ರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಹೀಗೆ ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆ ಕ್ಷಣದಲ್ಲಿ ಇಂಜೆಕ್ಟರ್ ಡೀಸೆಲನ್ನು ಮಂಜಿನಂತೆ ಸಿಂಪಡಿಸುತ್ತದೆ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಪೂರ್ಣ ಶಕ್ತಿ ದೊರೆಯಲು ನಾಲ್ಕು ಅಂಶಗಳು ಸರಿಯಾಗಿರಬೇಕು:

1. ಸಾಕಷ್ಟು ಶುದ್ಧ ಗಾಳಿ.
2. ಸಾಕಷ್ಟು ಶುದ್ಧ ಡೀಸೆಲ್, ಅದೂ ಹನಿಯಾಗಿ ಅಲ್ಲ, ಮಂಜಾಗಿ.
3. ಡೀಸೆಲ್ ಸಿಂಪಡಿಸುವ ಸರಿಯಾದ ವೇಳೆ.
4. ಗಾಳಿ ಸೋರದಂತೆ ಒತ್ತುವ ಸಿಲಿಂಡರ್, ರಿಂಗು ಮತ್ತು ವಾಲ್ವ್.

ಒಂದು ಲೀಟರ್ ಡೀಸೆಲ್ ಉರಿಯಲು 10 ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಗಂಟೆಗೆ 4 ಲೀಟರ್ ಡೀಸೆಲ್ ಉರಿಸುವ ಟ್ರ್ಯಾಕ್ಟರ್ 40 ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೊಲದ ಧೂಳಿನಲ್ಲಿ ಗಾಳಿ ಶೋಧಕಕ್ಕೆ ಎಷ್ಟು ಕೆಲಸವಿದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ದೋಷ ಎಂಜಿನ್ನಿನದೇ ಹೌದೆ?

ಎಳೆಯುವ ಶಕ್ತಿ ಕುಂದಿದೆ ಎಂದ ಮಾತ್ರಕ್ಕೆ ಎಂಜಿನ್ ಕೆಟ್ಟಿದೆ ಎಂದರ್ಥವಲ್ಲ. ಮೊದಲು ಈ ಕೆಳಗಿನವನ್ನು ನೋಡಿರಿ.

ಕ್ಲಚ್: ಭಾರ ಬಿದ್ದಾಗ ಎಂಜಿನ್ನಿನ ಸದ್ದು ಏರಿ ಟ್ರ್ಯಾಕ್ಟರಿನ ವೇಗ ಮಾತ್ರ ಇಳಿದರೆ ಕ್ಲಚ್ ಜಾರುತ್ತಿದೆ ಎಂದು ತಿಳಿಯಬೇಕು. ಸುಟ್ಟ ವಾಸನೆಯೂ ಬರಬಹುದು. ಎಂಜಿನ್ನಿನ ಶಕ್ತಿ ನಿಜವಾಗಿ ಕುಂದಿದ್ದರೆ ಸದ್ದೂ ವೇಗವೂ ಒಟ್ಟಿಗೆ ಇಳಿಯುತ್ತವೆ. ಈ ವ್ಯತ್ಯಾಸ ಮುಖ್ಯವಾದದ್ದು. ಕ್ಲಚ್ ಪೆಡಲಿನಲ್ಲಿ ಕೈಪಿಡಿ ಹೇಳಿದಷ್ಟು ಸಡಿಲು ಇದೆಯೇ, ಚಾಲಕ ಯಾವಾಗಲೂ ಪೆಡಲಿನ ಮೇಲೆ ಕಾಲಿಟ್ಟೇ ಓಡಿಸುತ್ತಾನೆಯೇ ನೋಡಿರಿ.

ಬ್ರೇಕ್: ಬ್ರೇಕ್ ಹಿಡಿದುಕೊಂಡೇ ಇದ್ದರೆ ಎಂಜಿನ್ನಿನ ಶಕ್ತಿ ಅಲ್ಲೇ ವ್ಯರ್ಥವಾಗುತ್ತದೆ. ಬ್ರೇಕ್ ಒತ್ತದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ಬದಿಯ ಬ್ರೇಕಿನ ಹೊರಕವಚದ ಬಳಿ ಕೈ ಹಿಡಿದು ನೋಡಿರಿ. ಒಂದು ಬದಿ ಹೆಚ್ಚು ಬಿಸಿಯಾಗಿದ್ದರೆ ಬ್ರೇಕ್ ಸರಿಪಡಿಸಬೇಕು.

ಗಾಲಿಯ ಜಾರುವಿಕೆ: ಹಿಂಗಾಲಿಗೆ ಸುಣ್ಣದ ಗುರುತು ಹಾಕಿ, ಸಲಕರಣೆ ಎತ್ತಿಕೊಂಡು 10 ಸುತ್ತಿಗೆ ಎಷ್ಟು ದೂರ ಸಾಗಿತು ಎಂದು ಅಳೆಯಿರಿ. ಅನಂತರ ಉಳುಮೆ ಮಾಡುತ್ತ 10 ಸುತ್ತಿಗೆ ಸಾಗಿದ ದೂರ ಅಳೆಯಿರಿ. ಮೊದಲನೆಯದು 40 ಮೀಟರ್, ಎರಡನೆಯದು 34 ಮೀಟರ್ ಆದರೆ ಜಾರುವಿಕೆ ಶೇಕಡಾ 15. ಒಣ ಹೊಲದಲ್ಲಿ ಇದಕ್ಕಿಂತ ಹೆಚ್ಚಾದರೆ ಟಯರಿನ ಸವೆತ, ಅದರ ಗಾಳಿ, ಗಾಲಿಯ ಮೇಲಿನ ಭಾರ ಇವುಗಳ ಕಡೆ ಗಮನ ಕೊಡಬೇಕು.

ಸಲಕರಣೆ: ಮೊಂಡಾದ ಕುಳ, ಅತಿ ಆಳ, ಸರಿಯಾಗಿ ಜೋಡಿಸದ ಕೊಂಡಿ ಇವೂ ಎಂಜಿನ್ನಿಗೆ ಹೊರೆಯಾಗುತ್ತವೆ. ಒಣಗಿ ಗಟ್ಟಿಯಾದ ಎರೆಭೂಮಿಯಲ್ಲಿ ಕಂಡ ದೌರ್ಬಲ್ಯವನ್ನು ಹದವಾದ ಕೆಂಪು ಮಣ್ಣಿನಲ್ಲಿ ಕಂಡ ಶಕ್ತಿಯೊಂದಿಗೆ ಹೋಲಿಸಬಾರದು. ಅದೇ ಹೊಲ, ಅದೇ ಸಲಕರಣೆ, ಅದೇ ಆಳ, ಅದೇ ಗೇರು ಇದ್ದಾಗ 100 ಮೀಟರ್ ಸಾಗಲು ಹಿಡಿಯುವ ಸೆಕೆಂಡುಗಳನ್ನು ಹೋಲಿಸುವುದು ಸರಿಯಾದ ವಿಧಾನ. ಹಿಂದೆ 100 ಸೆಕೆಂಡು ಹಿಡಿಯುತ್ತಿದ್ದುದು ಈಗ 125 ಆಗಿದ್ದರೆ ವೇಗ ಗಂಟೆಗೆ 3.6 ಕಿ.ಮೀ.ನಿಂದ ಸುಮಾರು 2.9ಕ್ಕೆ ಇಳಿದಿದೆ ಎಂದರ್ಥ.

ಎತ್ತರದ ಪ್ರದೇಶ: ಸಮುದ್ರ ಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಇಂಥ ಎಂಜಿನ್ನಿನ ಶಕ್ತಿ ಸುಮಾರು ಶೇಕಡಾ 3ರಷ್ಟು ಕಡಿಮೆಯಾಗುತ್ತದೆ. ಅಲ್ಲಿ ಗಾಳಿ ತೆಳುವಾಗಿರುವುದೇ ಇದಕ್ಕೆ ಕಾರಣ. ಕರಾವಳಿಯಲ್ಲಿ ದುಡಿದ ಟ್ರ್ಯಾಕ್ಟರನ್ನು ಕೊಂಡು ಸಾವಿರ ಮೀಟರಿಗೂ ಎತ್ತರದ ಮಡಿಕೇರಿ ಕಡೆಗೆ ತಂದರೆ ಸುಮಾರು ಹತ್ತರಲ್ಲಿ ಒಂದು ಪಾಲು ಶಕ್ತಿ ಕಡಿಮೆ ಕಾಣುವುದು ಸಹಜ. ಇದು ದೋಷವಲ್ಲ.

ಹೊಗೆಯ ಬಣ್ಣ ಏನು ಹೇಳುತ್ತದೆ?

ಎಂಜಿನ್ ಚೆನ್ನಾಗಿ ಕಾದ ಮೇಲೆ, ಭಾರ ಎಳೆಯುತ್ತಿರುವಾಗ ಹೊಗೆಯ ಬಣ್ಣ ನೋಡಬೇಕು. ಲಿವರ್ ಏರಿಸಿದ ಕ್ಷಣ ಒಮ್ಮೆ ಕಪ್ಪು ಹೊಗೆ ಬಂದು ಮರೆಯಾದರೆ ಚಿಂತೆಯಿಲ್ಲ. ಬಿಡದೆ ಬರುವ ಹೊಗೆಯನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಬೇಕು.

ಕಪ್ಪು ಹೊಗೆ: ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಗಾಳಿ ಸಾಲದು, ಇಲ್ಲವೆ ಇಂಜೆಕ್ಟರ್ ಮಂಜಿನಂತೆ ಸಿಂಪಡಿಸದೆ ತೊಟ್ಟಿಕ್ಕುತ್ತಿದೆ, ಇಲ್ಲವೆ ಹೊರೆ ಅತಿಯಾಗಿದೆ. ಮೊದಲು ನೋಡಬೇಕಾದದ್ದು ಗಾಳಿ ಶೋಧಕ.

ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗು, ಲೈನರ್ ಅಥವಾ ವಾಲ್ವ್ ಗೈಡ್ ಸವೆದಿರಬಹುದು. ಆದರೆ ಗಾಳಿ ಶೋಧಕದ ಬಟ್ಟಲಿಗೆ ಗುರುತು ಮೀರಿ ಎಣ್ಣೆ ಹಾಕಿದ್ದರೂ ನೀಲಿ ಹೊಗೆ ಬರುತ್ತದೆ. ಇದನ್ನು ನೋಡದೆ ರಿಂಗು ಬದಲಾಯಿಸಲು ಹೊರಡಬಾರದು.

ಬಿಳಿ ಹೊಗೆ: ಡೀಸೆಲ್ ಉರಿಯದೆ ಆವಿಯಾಗಿ ಹೊರಬರುತ್ತಿದೆ. ಬೆಳಗಿನ ಚಳಿಯಲ್ಲಿ ಚಾಲೂ ಮಾಡಿದಾಗ ಸ್ವಲ್ಪ ಹೊತ್ತು ಬಂದು ನಿಂತರೆ ಸಹಜ. ಕಾದ ಮೇಲೂ ಬರುತ್ತಿದ್ದರೆ ಇಂಜೆಕ್ಷನ್ ವೇಳೆ ತಪ್ಪಿರಬಹುದು, ಸಿಲಿಂಡರಿನಲ್ಲಿ ಒತ್ತಡ ಸಾಲದಿರಬಹುದು ಅಥವಾ ಡೀಸೆಲಿನಲ್ಲಿ ನೀರಿರಬಹುದು. ಜೊತೆಗೆ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಬಿಳಿಚಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಎಂಜಿನ್ನನ್ನು ಒಡನೆ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಸಬೇಕು.

ಹೊಗೆ ಇಲ್ಲ, ಶಕ್ತಿಯೂ ಇಲ್ಲ: ಈ ಲಕ್ಷಣವನ್ನು ಹಲವರು ಗಮನಿಸುವುದಿಲ್ಲ. ಎಂಜಿನ್ನಿಗೆ ಬೇಕಾದಷ್ಟು ಡೀಸೆಲ್ ತಲುಪುತ್ತಿಲ್ಲ ಎಂಬುದಕ್ಕೆ ಇದು ಒಳ್ಳೆಯ ಸೂಚನೆ. ಗಾಳಿ ಶೋಧಕವನ್ನು ಬಿಟ್ಟು ನೇರವಾಗಿ ಡೀಸೆಲ್ ಹರಿಯುವ ದಾರಿಯನ್ನು ಪರೀಕ್ಷಿಸಬೇಕು.

ಗಾಳಿಯ ದಾರಿ

ಹಳೆಯ ಟ್ರ್ಯಾಕ್ಟರುಗಳಲ್ಲಿ ಎಣ್ಣೆ ಬಟ್ಟಲಿನ ಗಾಳಿ ಶೋಧಕವೇ ಹೆಚ್ಚು. ಧೂಳಿನ ಕಾಲದಲ್ಲಿ ಬಟ್ಟಲನ್ನು ದಿನಕ್ಕೊಮ್ಮೆ ತೆಗೆದು ನೋಡಬೇಕು. ತಳದಲ್ಲಿ ಸುಮಾರು 1 ಸೆಂ.ಮೀ. ಮಡ್ಡಿ ನಿಂತಿದ್ದರೆ ಅಥವಾ ಎಣ್ಣೆ ಗಟ್ಟಿಯಾಗಿದ್ದರೆ ಚೆಲ್ಲಿ, ಬಟ್ಟಲನ್ನು ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ತುಂಬಬೇಕು. ಗುರುತಿಗಿಂತ ಕಡಿಮೆಯಾದರೆ ಧೂಳು ಒಳನುಗ್ಗುತ್ತದೆ. ಹೆಚ್ಚಾದರೆ ಎಣ್ಣೆಯೇ ಎಂಜಿನ್ನಿನೊಳಕ್ಕೆ ಎಳೆಯಲ್ಪಡುತ್ತದೆ. ಮೇಲಿನ ಜಾಲರಿಯನ್ನು ಡೀಸೆಲಿನಲ್ಲಿ ತೊಳೆದು, ಚೆನ್ನಾಗಿ ಬಸಿದ ಮೇಲೆ ಜೋಡಿಸಬೇಕು. ಇದಕ್ಕೆ ಪೆಟ್ರೋಲ್ ಬಳಸಕೂಡದು.

ಕಾಗದದ ಒಣ ಶೋಧಕವಿದ್ದರೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಊದಿ ಧೂಳು ತೆಗೆಯಬೇಕು. ಒಳಗೆ ಬೆಳಕು ಹಿಡಿದು ನೋಡಿದಾಗ ತೂತು ಕಂಡರೆ ಅಥವಾ ಬೆಳಕೇ ಕಾಣದಷ್ಟು ಕಟ್ಟಿದ್ದರೆ ಹೊಸದನ್ನು ಹಾಕಬೇಕು.

ಶೋಧಕದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯನ್ನೂ ಮರೆಯಬಾರದು. ಅದು ಒಳಗೆ ಕುಸಿದಿದ್ದರೆ ಗಾಳಿ ಕಟ್ಟಿಕೊಳ್ಳುತ್ತದೆ. ಸೀಳಿದ್ದರೆ ಶೋಧಿಸದ ಧೂಳು ನೇರವಾಗಿ ಸಿಲಿಂಡರಿಗೆ ಹೋಗಿ ರಿಂಗುಗಳನ್ನು ಸವೆಸುತ್ತದೆ. ಹೀಗೆ ಸಣ್ಣ ಸೀಳೊಂದು ದೊಡ್ಡ ಖರ್ಚಿಗೆ ದಾರಿಯಾಗಬಹುದು.

ಹೊರಹೋಗುವ ದಾರಿಯೂ ತೆರೆದಿರಬೇಕು. ಬಹುದಿನ ನಿಂತ ಟ್ರ್ಯಾಕ್ಟರಿನ ಸೈಲೆನ್ಸರಿನಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರುವುದುಂಟು. ಹಳೆಯ ಸೈಲೆನ್ಸರಿನೊಳಗೆ ಮಸಿ ಕಟ್ಟಿ, ಒಳತಗಡು ಕಳಚಿ ಹೊಗೆಗೆ ಅಡ್ಡ ನಿಂತಿರಬಹುದು. ಎಂಜಿನ್ ತಣ್ಣಗಿರುವಾಗ ಬಿಚ್ಚಿ ನೋಡಬೇಕು.

ಡೀಸೆಲಿನ ದಾರಿ

ಟ್ಯಾಂಕಿನಿಂದ ಇಂಜೆಕ್ಟರಿನವರೆಗೆ ಡೀಸೆಲ್ ಹರಿಯುವ ಕ್ರಮದಲ್ಲೇ ಪರೀಕ್ಷೆ ಸಾಗಲಿ.

1. ಟ್ಯಾಂಕಿನ ಮುಚ್ಚಳ: ಡೀಸೆಲ್ ಇಳಿದಂತೆ ಟ್ಯಾಂಕಿನೊಳಕ್ಕೆ ಗಾಳಿ ಹೋಗಲು ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ. ಅದು ಧೂಳಿನಿಂದ ಮುಚ್ಚಿದರೆ ಎಂಜಿನ್ ಸ್ವಲ್ಪ ಹೊತ್ತು ಚೆನ್ನಾಗಿ ನಡೆದು ಕ್ರಮೇಣ ಸೊರಗುತ್ತದೆ. ನಿಲ್ಲಿಸಿ ಬಿಟ್ಟರೆ ಮತ್ತೆ ನಡೆಯುತ್ತದೆ. ಇಂಥ ಲಕ್ಷಣ ಕಂಡಾಗ ಮುಚ್ಚಳವನ್ನು ಸಡಿಲಿಸಿ ನೋಡಿರಿ. ಶಕ್ತಿ ಮರಳಿದರೆ ದೋಷ ಸಿಕ್ಕಿತು. ಒಂದು ಸೂಜಿಯಲ್ಲಿ ತೂತು ಬಿಡಿಸಿದರೆ ರಿಪೇರಿ ಮುಗಿಯಿತು.

2. ಟ್ಯಾಂಕಿನ ತಳ ಮತ್ತು ಗಾಜಿನ ಬಟ್ಟಲು: ತಳದಲ್ಲಿ ನೀರು, ತುಕ್ಕು, ಕೆಸರು ನಿಂತಿರುತ್ತದೆ. ತಳದ ತಿರುಪು ಸಡಿಲಿಸಿ ಸ್ವಲ್ಪ ಡೀಸೆಲ್ ಹೊರಬಿಟ್ಟು ನೋಡಿರಿ. ಗಾಜಿನ ಬಟ್ಟಲಿದ್ದರೆ ತೆಗೆದು ತೊಳೆಯಿರಿ.

3. ಫಿಲ್ಟರುಗಳು: ಸಾಮಾನ್ಯವಾಗಿ ಎರಡು ಫಿಲ್ಟರುಗಳಿರುತ್ತವೆ. ಕೈಪಿಡಿ ಹೇಳಿದ ಗಂಟೆಗಳು ಮುಗಿದಿದ್ದರೆ, ಅಥವಾ ಯಾವಾಗ ಬದಲಿಸಿದ್ದು ಎಂಬುದೇ ನೆನಪಿಲ್ಲದಿದ್ದರೆ, ಬದಲಿಸುವುದೇ ಲೇಸು. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕಕೂಡದು. ಫಿಲ್ಟರಿನಿಂದ ಹೊರಹೋಗುವ ಕೊಳವೆಯನ್ನು ಸಡಿಲಿಸಿ ಕೈಪಂಪು ಒತ್ತಿದಾಗ ಡೀಸೆಲ್ ತುಂಬು ಧಾರೆಯಾಗಿ ಬರಬೇಕು. ತೆಳುವಾಗಿ ಬಂದರೆ ಫಿಲ್ಟರ್ ಕಟ್ಟಿದೆ ಅಥವಾ ಕೈಪಂಪು ದುರ್ಬಲವಾಗಿದೆ.

4. ಕೊಳವೆಯಲ್ಲಿ ಗಾಳಿ: ಫಿಲ್ಟರ್ ಬದಲಿಸಿದಾಗ ಅಥವಾ ಡೀಸೆಲ್ ಪೂರ್ತಿ ಖಾಲಿಯಾದಾಗ ಗಾಳಿ ಸೇರುತ್ತದೆ. ಆಗ ಎಂಜಿನ್ ಒಮ್ಮೆ ಏರಿ ಒಮ್ಮೆ ಇಳಿಯುತ್ತ ತಡವರಿಸುತ್ತದೆ. ಟ್ಯಾಂಕು ತುಂಬಿಸಿ, ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ, ಒತ್ತುತ್ತಿರುವಾಗಲೇ ತಿರುಪು ಬಿಗಿಯಬೇಕು. ಅನಂತರ ಇಂಜೆಕ್ಷನ್ ಪಂಪಿನ ಗಾಳಿ ತಿರುಪಿನಲ್ಲಿಯೂ ಹೀಗೆಯೇ ಮಾಡಬೇಕು. ಪದೇ ಪದೇ ಗಾಳಿ ಸೇರುತ್ತಿದ್ದರೆ ಕೊಳವೆಯ ಜೋಡಣೆ ಎಲ್ಲೋ ಸಡಿಲವಾಗಿದೆ ಎಂದು ತಿಳಿದು ಹುಡುಕಬೇಕು.

5. ಲಿವರ್ ಸರಳು: ಒಬ್ಬರು ಕೈ ಲಿವರನ್ನು ಪೂರ್ತಿ ಎಳೆಯಲಿ, ಇನ್ನೊಬ್ಬರು ಪಂಪಿನ ತೋಳು ಕೊನೆಯ ತಡೆಯವರೆಗೆ ಮುಟ್ಟುತ್ತದೆಯೇ ನೋಡಲಿ. ಸರಳಿನ ಕೀಲುಗಳು ಸವೆದಿದ್ದರೆ ಅದು ಮುಟ್ಟುವುದಿಲ್ಲ. ಚಾಲಕ ಪೂರ್ತಿ ವೇಗ ಕೊಟ್ಟೆನೆಂದು ತಿಳಿದಿರುತ್ತಾನೆ, ಎಂಜಿನ್ನಿಗೆ ಮುಕ್ಕಾಲು ಮಾತ್ರ ಸಿಕ್ಕಿರುತ್ತದೆ. ಈ ಪರೀಕ್ಷೆಯನ್ನು ಎಂಜಿನ್ ನಿಲ್ಲಿಸಿ ಮಾಡಬೇಕು.

ಯಾವ ಸಿಲಿಂಡರ್ ದುಡಿಯುತ್ತಿಲ್ಲ?

ಗಾಳಿಯ ದಾರಿ, ಡೀಸೆಲಿನ ದಾರಿ ಎರಡೂ ಸರಿಯಿದ್ದು ಎಂಜಿನ್ ಅದುರುತ್ತ ನಡೆಯುತ್ತಿದ್ದರೆ ಯಾವುದೋ ಒಂದು ಸಿಲಿಂಡರ್ ಸರಿಯಾಗಿ ದುಡಿಯುತ್ತಿಲ್ಲ. ಎಂಜಿನ್ ನಿಧಾನ ವೇಗದಲ್ಲಿರುವಾಗ ಒಂದೊಂದೇ ಇಂಜೆಕ್ಟರಿನ ಮೇಲಿನ ನಟ್ಟನ್ನು ಸ್ಪ್ಯಾನರಿನಿಂದ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿಯಬೇಕು. ದುಡಿಯುತ್ತಿರುವ ಸಿಲಿಂಡರಿನ ನಟ್ಟು ಸಡಿಲಿಸಿದಾಗ ಎಂಜಿನ್ ಸೊರಗುತ್ತದೆ. ಯಾವುದನ್ನು ಸಡಿಲಿಸಿದರೂ ಸದ್ದಿನಲ್ಲಿ ವ್ಯತ್ಯಾಸ ಕಾಣದೋ ಆ ಸಿಲಿಂಡರಿನಲ್ಲಿಯೇ ದೋಷವಿದೆ.

ಆ ಇಂಜೆಕ್ಟರನ್ನು ಬಿಚ್ಚಿಸಿ ಪರೀಕ್ಷಾ ಯಂತ್ರವಿರುವ ಅಂಗಡಿಗೆ ಒಯ್ಯಬೇಕು. ಮಾದರಿಗನುಗುಣವಾಗಿ ಚದರ ಸೆಂ.ಮೀ.ಗೆ ಸುಮಾರು 170ರಿಂದ 250 ಕಿಲೋ ಒತ್ತಡದಲ್ಲಿ ಅದು ತೆರೆದುಕೊಂಡು ಮಂಜಿನಂತೆ ಸಿಂಪಡಿಸಬೇಕು, ಕೊನೆಯಲ್ಲಿ ತೊಟ್ಟಿಕ್ಕಬಾರದು. ನಾಜಲ್ ಬದಲಿಸಿದರೆ ಹೆಚ್ಚಿನ ಸಂದರ್ಭದಲ್ಲಿ ಇದು ಸರಿಹೋಗುತ್ತದೆ. ತೊಟ್ಟಿಕ್ಕುವ ಇಂಜೆಕ್ಟರನ್ನು ಹಾಗೆಯೇ ಬಿಟ್ಟರೆ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಮೇಲೆ ಇಳಿದು ಆಯಿಲಿಗೆ ಬೆರೆಯುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ ಈ ಅನುಮಾನ ಬಲವಾಗುತ್ತದೆ.

ಎಚ್ಚರಿಕೆ: ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಸೇರಬಲ್ಲದು. ಅದರ ಮುಂದೆ ಎಂದಿಗೂ ಕೈ ಹಿಡಿಯಬಾರದು. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕಾದ ಮೇಲೆ ಶಕ್ತಿ ಕುಂದಿದರೆ

ಬೆಳಿಗ್ಗೆ ಚೆನ್ನಾಗಿ ಎಳೆದು, ಕಾದಂತೆ ಸೊರಗುವ ಎಂಜಿನ್ನಿನಲ್ಲಿ ಟ್ಯಾಪೆಟ್ ಸಂದು ನೋಡಬೇಕು. ಸಂದು ತೀರ ಕಡಿಮೆಯಾದರೆ ವಾಲ್ವ್ ಕಾದು ಉದ್ದವಾದಾಗ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಗಾಳಿ ಸೋರಿ ಒತ್ತಡ ಇಳಿಯುತ್ತದೆ, ಕ್ರಮೇಣ ವಾಲ್ವ್ ಸುಡುತ್ತದೆ. ಸಂದು ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ. ಕೈಪಿಡಿಯಲ್ಲಿ ಹೇಳಿದ ಅಳತೆಗೆ ಫೀಲರ್ ಗೇಜಿನಿಂದ ಹೊಂದಿಸಬೇಕು. ಅದು ತಣ್ಣಗಿರುವಾಗಿನ ಅಳತೆಯೋ ಬಿಸಿಯಾದಾಗಿನದೋ ಎಂಬುದನ್ನೂ ನೋಡಬೇಕು.

ರೇಡಿಯೇಟರಿನ ಸಂದುಗಳಲ್ಲಿ ಹೊಟ್ಟು, ರವದಿ ಸಿಕ್ಕಿದ್ದರೂ, ಫ್ಯಾನ್ ಬೆಲ್ಟು ಸಡಿಲವಾಗಿದ್ದರೂ ಎಂಜಿನ್ ಅತಿಯಾಗಿ ಕಾದು ಸೊರಗುತ್ತದೆ. ಒಕ್ಕಣೆಯ ಕಾಲದಲ್ಲಿ ಇದನ್ನು ದಿನವೂ ನೋಡಬೇಕು. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆರೆಯಕೂಡದು.

ಎಂಜಿನ್ ಬಿಚ್ಚಲೇಬೇಕೆ?

ಮೇಲಿನವೆಲ್ಲ ಸರಿಯಿದ್ದೂ ಶಕ್ತಿ ಮರಳದಿದ್ದರೆ ಈ ನಾಲ್ಕು ಲಕ್ಷಣಗಳನ್ನು ಒಟ್ಟಿಗೆ ನೋಡಬೇಕು:

1. ಕಾದ ಮೇಲೂ ಬಿಡದ ನೀಲಿ ಹೊಗೆ.
2. ಎಂಜಿನ್ ಆಯಿಲನ್ನು ಪದೇ ಪದೇ ತುಂಬಿಸಬೇಕಾಗುವುದು.
3. ಆಯಿಲ್ ಕೋಣೆಯ ಉಸಿರುಗೊಳವೆಯಿಂದ ಬುಸುಬುಸು ಹೊಗೆ ಬರುವುದು.
4. ಬ್ಯಾಟರಿ, ಸ್ಟಾರ್ಟರ್ ಚೆನ್ನಾಗಿದ್ದರೂ ಬೆಳಿಗ್ಗೆ ಸುಲಭವಾಗಿ ಚಾಲೂ ಆಗದಿರುವುದು.

ಇವುಗಳಲ್ಲಿ ಒಂದೇ ಇದ್ದರೆ ಅವಸರ ಬೇಡ. ಮೂರು ನಾಲ್ಕು ಕೂಡಿ ಬಂದರೆ ಸವೆತ ನಿಜ. ಆಗಲೂ ಬಿಚ್ಚುವ ಮೊದಲು ಕಂಪ್ರೆಷನ್ ಗೇಜು ಇಟ್ಟು ಪ್ರತಿ ಸಿಲಿಂಡರಿನ ಒತ್ತಡ ಅಳೆದು ತೋರಿಸುವಂತೆ ಮೆಕ್ಯಾನಿಕನನ್ನು ಕೇಳಿರಿ. ಎಲ್ಲ ಸಿಲಿಂಡರುಗಳಲ್ಲೂ ಒತ್ತಡ ಇಳಿದಿದ್ದರೆ ಬೋರ್ ಕೆಲಸ ಸರಿ. ಒಂದರಲ್ಲಿ ಮಾತ್ರ ಇಳಿದಿದ್ದರೆ ಸುಟ್ಟ ವಾಲ್ವ್ ಅಥವಾ ಗ್ಯಾಸ್ಕೆಟ್ ಕಾರಣವಿರಬಹುದು. ಅದಕ್ಕೆ ಹೆಡ್ ಮಾತ್ರ ಬಿಚ್ಚಿದರೆ ಸಾಕಾಗಬಹುದು. ಈ ಒಂದು ಅಳತೆಯಿಂದ ಖರ್ಚಿನಲ್ಲಿ ಆಗುವ ವ್ಯತ್ಯಾಸ ಸಣ್ಣದಲ್ಲ.

ಪಂಪಿನ ಮುದ್ರೆಗೆ ಕೈಹಾಕಬೇಡಿ

ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಪಂಪುಗಳು ಹಳೆಯ ಟ್ರ್ಯಾಕ್ಟರುಗಳಲ್ಲಿ ಬಹಳ ಬಳಕೆಯಲ್ಲಿವೆ. ಯಾವ ಕಂಪನಿಯ ಪಂಪೇ ಆಗಲಿ, ಡೀಸೆಲ್ ಪ್ರಮಾಣ ನಿಗದಿಪಡಿಸುವ ತಿರುಪಿಗೆ ಸೀಸದ ಮುದ್ರೆ ಹಾಕಿರುತ್ತಾರೆ. ಶಕ್ತಿ ಕುಂದಿದಾಗ ಆ ಮುದ್ರೆ ಒಡೆದು "ಡೀಸೆಲ್ ಏರಿಸುವ" ಪದ್ಧತಿ ಕೆಲವೆಡೆ ಇದೆ. ಗಾಳಿ ಸಾಲದ ಎಂಜಿನ್ನಿಗೆ ಡೀಸೆಲ್ ಏರಿಸಿದರೆ ಕಪ್ಪು ಹೊಗೆ ಹೆಚ್ಚುತ್ತದೆ, ಪಿಸ್ಟನ್ನೂ ವಾಲ್ವೂ ಅತಿಯಾಗಿ ಕಾಯುತ್ತವೆ, ಮೂಲ ದೋಷ ಇದ್ದಲ್ಲೇ ಉಳಿಯುತ್ತದೆ. ಪಂಪಿನ ಕೆಲಸವನ್ನು ಪರೀಕ್ಷಾ ಯಂತ್ರವಿರುವ ಕಡೆ ಮಾತ್ರ ಮಾಡಿಸಬೇಕು. ಪಂಪು ಬಿಚ್ಚಿದ್ದರೆ ಮತ್ತೆ ಕೂರಿಸುವಾಗ ವೇಳೆಯ ಗುರುತುಗಳು ಸರಿಯಾಗಿ ಕೂಡಿವೆಯೇ ಎಂದು ನೋಡಬೇಕು.

ಮುನ್ನೆಚ್ಚರಿಕೆ

ಪೀಪಾಯಿಯಲ್ಲಿ ತಂದ ಡೀಸೆಲನ್ನು ಒಂದು ದಿನ ಅಲುಗಾಡಿಸದೆ ಇಟ್ಟು, ತಳದ ಭಾಗವನ್ನು ಬಿಟ್ಟು ಬಳಸಬೇಕು. ಜಾಲರಿ ಇರುವ ಆಲಿಕೆಯಿಂದಲೇ ತುಂಬಬೇಕು. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕು ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಒಳಗೆ ನೀರಿನ ಹನಿ ಕಟ್ಟುವುದು ಕಡಿಮೆಯಾಗುತ್ತದೆ. ಫಿಲ್ಟರ್, ಆಯಿಲ್ ಬದಲಿಸಿದ ದಿನಾಂಕ ಮತ್ತು ಗಂಟೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ದೋಷ ಕಂಡಾಗ ಒಮ್ಮೆಗೆ ಒಂದನ್ನೇ ಸರಿಪಡಿಸಿ ಓಡಿಸಿ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂಬುದು ತಿಳಿಯುವುದಿಲ್ಲ, ಮುಂದಿನ ಬಾರಿಯೂ ಅಷ್ಟೇ ಖರ್ಚು ಮಾಡಬೇಕಾಗುತ್ತದೆ.

ವಿಸ್ತರಣಾ ಕಾರ್ಯಕರ್ತರು ಬೇಸಿಗೆಯಲ್ಲಿ, ಉಳುಮೆಗೆ ಒಂದು ತಿಂಗಳು ಮೊದಲೇ, ಹಳ್ಳಿಯ ಟ್ರ್ಯಾಕ್ಟರ್ ಮಾಲೀಕರನ್ನೂ ಚಾಲಕರನ್ನೂ ಒಂದೆಡೆ ಸೇರಿಸಿ ಈ ಪರೀಕ್ಷೆಗಳನ್ನು ಒಂದು ಹಳೆಯ ಟ್ರ್ಯಾಕ್ಟರಿನ ಮೇಲೆ ಮಾಡಿ ತೋರಿಸುವುದು ಒಳ್ಳೆಯದು. ಹೊಗೆಯ ಬಣ್ಣ ನೋಡಿ, ಗಾಳಿ ಮತ್ತು ಡೀಸೆಲಿನ ದಾರಿ ಪರೀಕ್ಷಿಸಿ, ಒತ್ತಡ ಅಳೆಸಿದ ನಂತರವೇ ಎಂಜಿನ್ ಬಿಚ್ಚಲು ಒಪ್ಪುವ ರೈತನಿಗೆ ಹಣವೂ ಉಳಿಯುತ್ತದೆ, ಬಿತ್ತನೆಯ ಹದವೂ ತಪ್ಪುವುದಿಲ್ಲ.